ಕೊಸುಕೆ ಕಿತಾಜಿಮಾ ಅವರನ್ನು ಬ್ರೆಸ್ಟ್‌ಸ್ಟ್ರೋಕ್‌ನ ಶ್ರೇಷ್ಠ ಈಜುಗಾರ ಎನ್ನುವುದೇಕೆ? ಡಾಲ್ಫಿನ್ ಕಿಕ್ ವಿವಾದವೇನು?

ಒಲಿಂಪಿಕ್ಸ್‌ನಲ್ಲಿ 100 ಮತ್ತು 200 ಮೀಟರ್ ಚಿನ್ನಗಳೆರಡನ್ನೂ ಸತತ ಎರಡು ಬಾರಿ (2004 ಅಥೆನ್ಸ್, 2008 ಬೀಜಿಂಗ್) ಗೆದ್ದ ಏಕೈಕ ಬ್ರೆಸ್ಟ್‌ಸ್ಟ್ರೋಕ್ (ಎದೆ ಕೆಳಗಾಗಿ, ಕಪ್ಪೆಯಂತೆ ಕಾಲೊದೆಯುತ್ತಾ ಈಜುವ ಶೈಲಿ) ಈಜುಗಾರ ಅವರು.

ಟೋಕಿಯೊದ ಈ ಹುಡುಗ 2000ದ ಸಿಡ್ನಿಯಲ್ಲಿ, 17ನೇ ವಯಸ್ಸಿಗೆ, 100 ಮೀಟರ್‌ನಲ್ಲಿ ನಾಲ್ಕನೆಯವ. 2002ರ ಬುಸಾನ್ ಏಷ್ಯನ್ ಗೇಮ್ಸ್‌ನಲ್ಲಿ 200 ಮೀಟರನ್ನು 2:09.97ರಲ್ಲಿ ಮುಗಿಸಿ, ಮೈಕ್ ಬ್ಯಾರೊಮನ್‌ರ ಹತ್ತು ವರ್ಷ ಹಳೆಯ ವಿಶ್ವದಾಖಲೆ ಮುರಿದರು. ಎತ್ತರ ಬರೀ 178 ಸೆಂ.ಮೀ. ಬಲ ಇದ್ದದ್ದು ಕಾಲೊದೆತದ ನಂತರದ ಜಾರುವಿಕೆಯಲ್ಲಿ: ತಲೆ ತಗ್ಗಿಸಿ, ಕೈ ಚಾಚಿ, ಕಡಿಮೆ ಸ್ಟ್ರೋಕ್‌ಗಳಲ್ಲಿ ಕೊಳ ದಾಟುತ್ತಿದ್ದರು. ಇದನ್ನು ನಕಲು ಮಾಡುವವರು ಎಡವುವುದು ಹೊತ್ತಿನ ಲೆಕ್ಕದಲ್ಲಿ. ಜಾರುವುದು ತುಸು ಹೆಚ್ಚಾದರೂ ವೇಗ ಸತ್ತು, ಮತ್ತೆ ಮೊದಲಿನಿಂದ ದೂಡಬೇಕಾಗುತ್ತದೆ.

ಅಥೆನ್ಸ್‌ನ 100 ಮೀಟರ್ ಫೈನಲ್‌ನಲ್ಲಿ ನೀರೊಳಗೆ ಅವರು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಆಗ ನಿಷಿದ್ಧವಾಗಿದ್ದ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಡಾಲ್ಫಿನ್ ಬಾಲದಂತೆ ಮೇಲೆ ಕೆಳಗೆ ಬಡಿಯುವುದು) ಹೊಡೆದರೆಂದು ಅಮೆರಿಕದ ಈಜುಗಾರ ಆರನ್ ಪಿಯರ್‌ಸಾಲ್ ದೂರಿದರು. ಚಿನ್ನ ಉಳಿಯಿತು. ಮರುವರ್ಷ ನಿಯಮವೇ ಬದಲಾಗಿ, ಆರಂಭದಲ್ಲೂ ಪ್ರತಿ ತಿರುವಿನಲ್ಲೂ ಒಂದು ಕಿಕ್‌ಗೆ ಅನುಮತಿ ಸಿಕ್ಕಿತು. ಬೀಜಿಂಗ್‌ನ 100 ಮೀಟರ್‌ನಲ್ಲಂತೂ 58.91 ಸೆಕೆಂಡಿನ ವಿಶ್ವದಾಖಲೆಯೊಡನೆ ಗೆದ್ದರು, ತಕರಾರಿಗೆ ಎಡೆಯೇ ಇರಲಿಲ್ಲ.

2012ರ ಲಂಡನ್‌ನಲ್ಲಿ ವೈಯಕ್ತಿಕ ಪದಕವಿಲ್ಲ, ನಾಲ್ವರು ನಾಲ್ಕು ಶೈಲಿಗಳಲ್ಲಿ ಈಜುವ ಮೆಡ್ಲೆ ರಿಲೇಯ ಬೆಳ್ಳಿ ಮಾತ್ರ. 2016ರಲ್ಲಿ ರಿಯೊಗೆ ಅರ್ಹತೆ ತಪ್ಪಿದಾಗ ನಿವೃತ್ತರಾದರು.