ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ನಿಜವಾಗಿಯೂ ಹತ್ತು ವರ್ಷ ಬಾಳಿಕೆ ಬರುತ್ತಾ? ಬಳಸಿದವರು ಹೇಳಿ, ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಬರುತ್ತದೆ. ನಾನು 2011ರಲ್ಲಿ ಅದರ ಟಿ420 ಮಾಡೆಲ್ ಕೊಂಡೆ. ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಅದು ಈಗಲೂ ಮನೆಯಲ್ಲಿ ಓಡುತ್ತಿದೆ. ಕೆಲಸಕ್ಕೆ ಈಗ ಟಿ480 ಇದೆ.

ನನ್ನದು ಡಿಟಿಪಿ ಕೆಲಸ. ದಿನಕ್ಕೆ ಏಳೆಂಟು ಗಂಟೆ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ. ನುಡಿ ಬಳಸುವವರಿಗೆ ಗೊತ್ತಿರುತ್ತೆ, ಒತ್ತಕ್ಷರ ಬಂದಾಗಲೆಲ್ಲ ಎಫ್ ಕೀ ಒತ್ತಬೇಕು. ಅಕ್ಕ ಅಂತ ಬರೆಯೋಕೂ ಎಫ್, ಅಣ್ಣ ಅಂತ ಬರೆಯೋಕೂ ಎಫ್. ನಾಲ್ಕೈದು ವರ್ಷದಲ್ಲಿ ಆ ಕೀ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿ ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಒತ್ತಿದರೆ ಮಾತ್ರ ಮೊದಲ ದಿನದ ಹಾಗೇ.

ಒಂದು ದಿನ ಅರ್ಧ ಲೋಟ ಕಾಫಿ ಟಿ420ರ ಕೀಬೋರ್ಡ್ ಮೇಲೇ ಚೆಲ್ಲಿತು. ಎದೆ ಧಸಕ್ ಅಂತು. ತಕ್ಷಣ ಆಫ್ ಮಾಡಿ ಬ್ಯಾಟರಿ ಕಳಚಿದೆ. ಕೀಬೋರ್ಡ್ ಮೇಲೆ ಬಿದ್ದ ನೀರು ತಳದಿಂದ ಹರಿದುಹೋಗಲಿ ಅಂತ ಇದರಲ್ಲಿ ತೂತುಗಳಿವೆ. ಎತ್ತಿ ನೋಡಿದರೆ ಕಾಫಿಯೆಲ್ಲ ಮೇಜಿನ ಮೇಲಿತ್ತು. ಎರಡು ದಿನ ಒಣಗಿಸಿದೆ. ಮದರ್‌ಬೋರ್ಡ್‌ಗೆ ಏನೂ ಆಗಿರಲಿಲ್ಲ. ಕೀಗಳು ಅಂಟಂಟಾಗಿದ್ದವು, ಅಷ್ಟೇ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಬೇರೆ ಕೀಬೋರ್ಡ್ ತಂದು ನಾನೇ ಹಾಕಿದೆ. ತಳದಲ್ಲಿ ಕೀಬೋರ್ಡ್ ಚಿತ್ರ ಇರೋ ಸ್ಕ್ರೂಗಳನ್ನು ಬಿಚ್ಚಿ, ಸ್ವಲ್ಪ ಸರಿಸಿದರೆ ಮೇಲೆ ಬರುತ್ತೆ. ಯಾವ ಭಾಗ ಹೇಗೆ ಬಿಚ್ಚಬೇಕು ಅಂತ ಹೇಳುವ ಪೂರ್ತಿ ರಿಪೇರಿ ಮ್ಯಾನುಯಲ್ ಲೆನೊವೊ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದು ಇದೇ. ಮೊದಲು ಥಿಂಕ್‌ಪ್ಯಾಡ್ ತಯಾರಿಸುತ್ತಿದ್ದ ಐಬಿಎಂ 2005ರಲ್ಲಿ ತನ್ನ ಪಿಸಿ ವ್ಯವಹಾರವನ್ನು ಲೆನೊವೊಗೆ ಮಾರಿದಾಗ ಇನ್ನು ಗಟ್ಟಿತನ ಮುಗಿಯಿತು ಅಂದವರು ಬಹಳ ಜನ. ನನ್ನವೆರಡೂ ಲೆನೊವೊ ಕಾಲದವೇ.

ಹಾಗಂತ ಸುಮ್ನೆ ಹೆಸರು ನೋಡಿ ಕೊಳ್ಳಬೇಡಿ, ಮಾಡೆಲ್ ನೋಡಿ. ಟಿ480ರಲ್ಲಿ ರ್‍ಯಾಮ್‌ಗೆ ಎರಡು ಸ್ಲಾಟ್ ಇವೆ. ಥಿಂಕ್‌ಪ್ಯಾಡ್‌ನದೇ ಇನ್ನೊಂದು ಮಾಡೆಲ್ ಎಕ್ಸ್1 ಕಾರ್ಬನ್ ತೆಳ್ಳಗೆ ಚೆನ್ನಾಗಿದೆ, ಆದರೆ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತೆ. ಕೊಳ್ಳುವಾಗ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ಇನ್ನೊಂದು, ಟಿ480 ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನಲ್ಲೂ ಬಂದಿತ್ತು. ವಿಂಡೋಸ್ 11 ಬೇಕಾದರೆ ಎಂಟನೇದೇ ಕೇಳಿ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಆನ್ ಮಾಡಿಸಿ. ಲೋಗೋ ಬಂದ ಕೂಡಲೇ ಎಂಟರ್ ಒತ್ತಿ, ಆಮೇಲೆ ಎಫ್1. ಅದು ಬಯೋಸ್, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿಗೆ ಹೋಗೋ ದಾರಿ. ಅಲ್ಲಿ ಪಾಸ್‌ವರ್ಡ್ ಕೇಳಿದರೆ, ಬೆಲೆ ಎಷ್ಟೇ ಕಮ್ಮಿ ಇರಲಿ, ಬಿಟ್ಟು ಬನ್ನಿ. ಹಿಂದೆ ಬಳಸಿದ ಆಫೀಸಿನವರು ಹಾಕಿದ ಸೂಪರ್‌ವೈಸರ್ ಪಾಸ್‌ವರ್ಡ್ ಇರಬಹುದು. ಅದು ಗೊತ್ತಿಲ್ಲದಿದ್ದರೆ ಮದರ್‌ಬೋರ್ಡನ್ನೇ ಬದಲಿಸಬೇಕು ಅನ್ನುತ್ತದೆ ಕಂಪನಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ಕೂಡ ತೆಗೆಸಿ ನೋಡಿ. ಹೊಸದರಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತೆ, ಎರಡೂ ಅದರಲ್ಲಿರುತ್ತೆ. ಕೊನೆಗೆ ನೋಟ್‌ಪ್ಯಾಡ್ ತೆರೆದು ಎಲ್ಲ ಕೀಗಳನ್ನೂ ಒಂದು ಸಲ ಒತ್ತಿ. ಕನ್ನಡ ಟೈಪ್ ಮಾಡುವವರಾದರೆ ಎಫ್ ಕೀ ಎರಡು ಸಲ ಒತ್ತಿ ನೋಡಿ.