‘ದಿ ಪ್ರಿಸನರ್ ಆಫ್ ಝೆಂಡಾ’: 1937ರದ್ದು ನೋಡಬೇಕಾ, 1952ರದ್ದಾ?

ಒಂದೇ ಕಾದಂಬರಿಯಿಂದ ಬಂದ, ಒಂದೇ ಹೆಸರಿನ ಈ ಎರಡು ಹಾಲಿವುಡ್ ಸಿನಿಮಾಗಳಲ್ಲಿ ಯಾವುದು ನೋಡಲಿ ಅಂತ ಕೇಳಿದ್ದೀರಿ. ಕಪ್ಪು-ಬಿಳುಪಿನ 1937ರ ಸಿನಿಮಾನೇ ಮೊದಲು ನೋಡಿ. ಬಣ್ಣ ಇಲ್ಲ ಅಂತ ಹಿಂಜರಿಯಬೇಡಿ.

ನೀವು ಕಾದಂಬರಿ ಓದಿಲ್ಲ ಅಂದಿದ್ದೀರಿ, ಹಾಗಾಗಿ ಕಥೆಯ ಎಳೆ ಇಷ್ಟು: ರುರಿಟೇನಿಯಾ ಅನ್ನೋ ಕಾಲ್ಪನಿಕ ದೇಶ. ನಾಳೆ ಪಟ್ಟಾಭಿಷೇಕ, ಇವತ್ತು ರಾತ್ರಿ ರಾಜ ಅಮಲಿನ ಔಷಧಿ ಬೆರೆಸಿದ ವೈನ್ ಕುಡಿದು ಎಚ್ಚರ ತಪ್ಪುತ್ತಾನೆ. ರಜೆಗೆ ಬಂದಿದ್ದ ಒಬ್ಬ ಇಂಗ್ಲಿಷಿನವ ನೋಡೋಕೆ ಥೇಟ್ ರಾಜನ ಹಾಗೇ ಇದ್ದಾನೆ. ಅವನನ್ನೇ ಸಿಂಹಾಸನದ ಮೇಲೆ ಕೂರಿಸುತ್ತಾರೆ. ಆ್ಯಂಟನಿ ಹೋಪ್ ಇದನ್ನು ಬರೆದದ್ದು 1894ರಲ್ಲಿ.

1952ರ ಬಣ್ಣದ ಸಿನಿಮಾ ಹೆಚ್ಚುಕಡಿಮೆ ಹಳೆಯದರ ಪಡಿಯಚ್ಚು. ಆಲ್ಫ್ರೆಡ್ ನ್ಯೂಮನ್ ಅವರ ಸಂಗೀತ ಕೂಡ ಅದೇ. ವ್ಯತ್ಯಾಸ ಇರೋದು ನಟರಲ್ಲಿ, ಬೆಳಕಿನಲ್ಲಿ.

ಹಳೆಯದರಲ್ಲಿ ಡಬಲ್ ರೋಲ್ ಮಾಡಿರುವವರು ರೊನಾಲ್ಡ್ ಕೋಲ್ಮನ್. ಇಬ್ಬರು ಕೋಲ್ಮನ್‌ಗಳು ಪರಸ್ಪರ ಕೈಕುಲುಕುವ ದೃಶ್ಯ ಬರುತ್ತೆ, ಕಣ್ಣಿಟ್ಟು ನೋಡಿ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೋವ್ ಅದನ್ನು ಸಾಧಿಸಿದ್ದಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಕೋಲ್ಮನ್ ಧ್ವನಿ. ಮೆತ್ತಗೆ, ಒಂಚೂರೂ ಅವಸರವಿಲ್ಲದೆ ಮಾತಾಡುತ್ತಾರೆ. ಸುಳ್ಳು ರಾಜನಾದರೂ ಇವನೇ ನಿಜವಾದ ರಾಜ ಅನ್ನಿಸಿಬಿಡುತ್ತೆ.

ಆದರೆ ಸಿನಿಮಾ ಕದಿಯೋದು ಖಳ ರೂಪರ್ಟ್. ಆ ಪಾತ್ರ ಡಗ್ಲಸ್ ಫೇರ್‌ಬ್ಯಾಂಕ್ಸ್ ಜೂನಿಯರ್ ಅವರದು. ಅವರಿಗೆ ನಾಯಕನ ಪಾತ್ರದ ಮೇಲೇ ಕಣ್ಣಿತ್ತು. ಮೂಕಿ ಕಾಲದ ಕತ್ತಿವರಸೆಯ ದೊಡ್ಡ ಸ್ಟಾರ್ ಆಗಿದ್ದ ಅಪ್ಪ, ರೂಪರ್ಟ್ ಪಾತ್ರ ಬಿಡಬೇಡ ಅಂದರಂತೆ. ಎಂಥ ಒಳ್ಳೆ ಮಾತು! ನಿಜವಾದ ರಾಜನನ್ನು ಸೆರೆಯಿಟ್ಟಿರುವ ಕೋಟೆಯೊಳಗಿನ ಕೊನೆಯ ಕಾಳಗ ನೋಡಿ. ನಾಯಕ ಕಾದಾಡುತ್ತಲೇ ಹಿಂದೆ ಸರಿಯುತ್ತಾ ಕಂದಕದ ಸೇತುವೆಯ ಹಗ್ಗ ಕತ್ತರಿಸಬೇಕು, ಆಗಲೇ ಹೊರಗಿರುವ ಸೈನಿಕರು ಒಳಗೆ ಬರೋದು. ರೂಪರ್ಟ್ ನಗ್ತಾ, ಮಾತಿಗೆ ಮಾತು ಕೊಡ್ತಾ ಕತ್ತಿ ಬೀಸುತ್ತಾನೆ. ಎಂಥ ಕೇಡಿಯಾದರೂ ಅವನು ಸಾಯಬಾರದು ಅನ್ನಿಸುತ್ತೆ. ಕೋಟೆಯ ಆ ಕತ್ತಲು, ನೆರಳು ಬಣ್ಣದಲ್ಲಿ ಸಿಗಲ್ಲ.

ಇನ್ನೊಂದು ವಿಷಯ. ಬ್ರಿಟನ್ನಿನ ಎಂಟನೇ ಎಡ್ವರ್ಡ್ ಪ್ರೀತಿಸಿದವಳಿಗಾಗಿ ಪಟ್ಟ ಬಿಟ್ಟದ್ದು 1936ರ ಡಿಸೆಂಬರ್‌ನಲ್ಲಿ. ಮರುವರ್ಷವೇ ಈ ಸಿನಿಮಾ ಬಂತು. ಪ್ರೀತಿಯಾ, ಸಿಂಹಾಸನವಾ ಅಂತ ರಾಜನನ್ನು ಮದುವೆಯಾಗಬೇಕಾದ ರಾಜಕುಮಾರಿ ಫ್ಲೇವಿಯಾ ಯೋಚಿಸುವ ದೃಶ್ಯ ಆಗಿನ ಜನರಿಗೆ ಹೇಗೆ ತಟ್ಟಿರಬೇಕು, ಅಲ್ವಾ? ಅವಳು ಏನು ಆರಿಸಿಕೊಳ್ಳುತ್ತಾಳೆ ಅಂತ ನಾನು ಹೇಳಲ್ಲ.

ಇದು ಇಷ್ಟವಾದರೆ ಆಮೇಲೆ 1952ರದ್ದನ್ನೂ ನೋಡಿ. ಅದರಲ್ಲಿ ರೂಪರ್ಟ್ ಆಗಿರುವುದು ಜೇಮ್ಸ್ ಮೇಸನ್. ಬಂಗಾಳಿ ಬರುತ್ತಿದ್ದರೆ, ಅಥವಾ ಸಬ್‌ಟೈಟಲ್ ಸಿಕ್ಕರೆ, ಇದೇ ಕಥೆಯಿಂದ ಹುಟ್ಟಿದ ತಪನ್ ಸಿನ್ಹಾ ಅವರ 1961ರ ‘ಝಿಂದೇರ್ ಬಂದಿ’ ಕೂಡ ಇದೆ. ಅಲ್ಲಿ ಡಬಲ್ ರೋಲ್ ಉತ್ತಮ್ ಕುಮಾರ್ ಅವರದು, ಖಳ ಸೌಮಿತ್ರ ಚಟರ್ಜಿ.