ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಸಬ್‌ವೂಫರ್ ಎಲ್ಲಿಟ್ಟರೆ ಬೇಸ್ ಚೆನ್ನಾಗಿ ಬರುತ್ತದೆ?

ಡಿಕ್ಕಿಯಲ್ಲೇ ಇಡಿ. ಬಾಕ್ಸನ್ನು ಆದಷ್ಟು ಹಿಂದಕ್ಕೆ ಸರಿಸಿ, ಸ್ಪೀಕರ್ ಮುಖ ಹಿಂಬಾಗಿಲ ಕಡೆಗಿರಲಿ. ಕೋನ್ (ಸ್ಪೀಕರಿನಲ್ಲಿ ಅದುರುವ ಭಾಗ) ಮುಂದೆ ಒಂದು ಗೇಣಿನಷ್ಟು ಜಾಗ ಬಿಟ್ಟರೆ ಸಾಕು.

ಉಲ್ಟಾ ತಿರುಗಿಸಿದರೆ ಬೇಸ್ ಹೇಗೆ ಜಾಸ್ತಿ ಆಗುತ್ತದೆ ಅನ್ನಿಸಬಹುದು ಅಲ್ವಾ? 50 ಹರ್ಟ್ಸ್ ಶಬ್ದದ ಒಂದು ಅಲೆ ಸುಮಾರು 7 ಮೀಟರ್ ಉದ್ದ, ಕಾರಿಗಿಂತಲೂ ದೊಡ್ಡದು. ಅದು ಎತ್ತ ಮುಖ ಮಾಡಿದ್ದರೂ ಎಲ್ಲಾ ಕಡೆ ಹರಡುತ್ತದೆ. ತೊಂದರೆ ಬರುವುದು ಹಿಂಬಾಗಿಲಿಗೆ ಬಡಿದು ವಾಪಸ್ ಬರುವ ಅಲೆಯಿಂದ. ಬಾಕ್ಸ್ ದೂರವಿದ್ದರೆ ಅದು ತಡವಾಗಿ ಬಂದು, ನೇರ ಬರುವ ಅಲೆಯನ್ನೇ ಕಡಿಮೆ ಮಾಡಬಹುದು. ಹತ್ತಿರವಿದ್ದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದು ಸೇರುತ್ತವೆ.

ಇಟ್ಟ ಮೇಲೆ ಆಂಪ್ಲಿಫೈಯರ್‌ನ ಲೋ-ಪಾಸ್ (ಬೇಸ್ ಮಾತ್ರ ಬಿಟ್ಟು ಮೇಲಿನ ಶಬ್ದ ತಡೆಯುವ ಫಿಲ್ಟರ್) 80 ಹರ್ಟ್ಸ್ ಹತ್ತಿರ ಇಡಿ. ಡ್ರೈವರ್ ಸೀಟಿನಲ್ಲಿ ಕೂತು, ಗೊತ್ತಿರುವ ಹಾಡು ಹಾಕಿ, ಫೇಸ್ ಸ್ವಿಚ್ಚನ್ನು (ಸಬ್‌ವೂಫರ್‌ನ ಅಲೆಯನ್ನು ಉಲ್ಟಾ ಮಾಡುವ ಸ್ವಿಚ್) 0 ಮತ್ತು 180 ಡಿಗ್ರಿಯಲ್ಲಿಟ್ಟು ಕೇಳಿ. ತಮಟೆಯ ಏಟು ಯಾವುದರಲ್ಲಿ ಗಟ್ಟಿಯಾಗಿ ಎದೆಗೆ ತಾಕುತ್ತದೋ ಅದೇ ಸರಿ. ಒಂದು ಹಾಡಿಗೇ ತೀರ್ಮಾನ ಮಾಡಬೇಡಿ.

ಸೆಡಾನ್ ಆದರೆ ಹಿಂದಿನ ಸೀಟು ಬೇಸನ್ನು ತಡೆಯುತ್ತದೆ, ಸೀಟು ಮಡಚಿ ವ್ಯತ್ಯಾಸ ನೋಡಿ.

ಬಾಕ್ಸನ್ನು ಬೆಲ್ಟಿನಿಂದ ಬಿಗಿಯಾಗಿ ಕಟ್ಟುವುದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಆ ಭಾರವೆಲ್ಲ ಹಿಂದಿನ ಸೀಟಿನಲ್ಲಿರುವವರ ಬೆನ್ನಿಗೇ ಬರುತ್ತದೆ.